ರಘುರಾಮನ ಗೋಲು

ಬೆಳಗಿನಿಂದ ಚಂದುವಿಗೆ ತನ್ನ ಮುಂಗೈ ಮೇಲಿನ ಕೂದಲೇ ಕಣ್ಣಿಗೆ ಬೀಳುತ್ತಿತ್ತು. ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡಲು ಕೈ ಚಾಚಿದಾಗಲೆಲ್ಲ ಅದು ಕಾಣುತ್ತಿತ್ತು. ಕಪ್ಪಗೆ, ದಟ್ಟವಾಗಿ, ನಡುನಡುವೆ ಒಂದೊಂದು ಬಿಳಿ, ಬೆವರಿಗೆ ಚರ್ಮಕ್ಕೆ ಅಂಟಿಕೊಂಡು. ನಲವತ್ತೆರಡು ವರ್ಷದ ಗಂಡಸಿನ ಕೈಯಲ್ಲಿ ಕೂದಲಿರದೆ ಇನ್ನೇನಿರಬೇಕು ಎಂದು ತನ್ನನ್ನೇ ಗದರಿಕೊಂಡು ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಇಳಿಬಿಟ್ಟು ಗುಂಡಿ ಹಾಕಿದ. ಚೆನ್ನೈ ತ್ರಿಪ್ಲಿಕೇನಿನ ಆ ಓಣಿಯ ಹೋಟೆಲು ಹನ್ನೊಂದರ ಹೊತ್ತಿಗೆ ಅರ್ಧ ಖಾಲಿಯಾಗುತ್ತದೆ. ತಿಂಡಿಯವರು ಎದ್ದು ಹೋಗಿರುತ್ತಾರೆ, ಊಟದವರು ಇನ್ನೂ ಬಂದಿರುವುದಿಲ್ಲ. ಕೈತೊಳೆಯುವ ತೊಟ್ಟಿಯ ಹತ್ತಿರ ಎದುರು ಲಾಡ್ಜಿನವನೊಬ್ಬ ಗಂಟಲಿಗೆ ಬೆರಳು ಹಾಕಿ ಕ್ಯಾಕರಿಸುತ್ತಿದ್ದ. ದಿನವೂ ಕೇಳುವ ಸದ್ದೇ; ಆದರೆ ಇವತ್ತು ಚಂದು ಮುಖ ಆಚೆ ತಿರುಗಿಸಿದ. ಹುಳಿ ಬಂದ ಹಿಟ್ಟು, ಮೇಜು ಒರೆಸಿ ಒರೆಸಿ ನಾರುವ ಬಟ್ಟೆ, ಕಾದ ಎಣ್ಣೆ, ಇವುಗಳ ನಡುವೆಯೇ ಅವನು ಮೂವತ್ತು ವರ್ಷ ಊಟ ಮಾಡಿದ್ದಾನೆ, ನಿದ್ದೆ ಮಾಡಿದ್ದಾನೆ. ಇವತ್ತು ಒಂದೊಂದೂ ಬೇರೆಬೇರೆಯಾಗಿ ಮೂಗಿಗೆ ಬಂದು ನಿಲ್ಲುತ್ತಿತ್ತು. ಹನ್ನೊಂದೂವರೆಗೆ ಆ ವರುಣ್ ಎಂಬವನು ಬರುವವನಿದ್ದ. ಅವನ ಎದುರು ಒಂದೇ ಒಂದು ಮಾತು ಹೇಳಬೇಕಿತ್ತು, ಆ ಗೋಲು ಹೊಡೆದದ್ದು ತಮ್ಮ ರಘುರಾಮ ಅಲ್ಲ, ನಾನು ಎಂದು.

ವರುಣ್ ಹೋದ ವಾರ ಫೋನು ಮಾಡಿದ್ದ. ಮೈಸೂರಿನ ಕಡೆಯವನು, ಅಂಬತ್ತೂರಿನ ಯಾವುದೋ ಆಫೀಸಿನಲ್ಲಿ ಕೆಲಸ. ರಜೆಯಲ್ಲಿ ಬೇರೆಯವರು ಸಿನಿಮಾ ನೋಡುವ ಹೊತ್ತಿಗೆ ಈ ಪುಣ್ಯಾತ್ಮ ದೇಶದ ಹದಿನಾರರೊಳಗಿನ ಫುಟ್‌ಬಾಲ್ ತಂಡದ ಚರಿತ್ರೆ ಬರೆಯುತ್ತಾನಂತೆ. ಯಾವ ವರ್ಷ ಯಾವ ಟೂರ್ನಿ, ಯಾರ ಮೇಲೆ ಎಷ್ಟಕ್ಕೆ ಸೋಲು, ಎಷ್ಟನೇ ನಿಮಿಷಕ್ಕೆ ಯಾರ ಬದಲು ಯಾರು, ಎಲ್ಲ ಅವನ ಹತ್ತಿರ ಉಂಟು. 'ರಘುರಾಮ ಸರ್ ಅಲ್ವಾ?' ಎಂದು ಕೇಳಿದ. ಚಂದು 'ಹೇಳಿ' ಅಂದ. ಅಷ್ಟೇ ಅಂದದ್ದು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. 'ಸರ್, ಹೊರದೇಶದಲ್ಲಿ, ಅದೂ ಏಷ್ಯಾದ ಅರ್ಹತಾ ಸುತ್ತಲ್ಲಿ, ನಮ್ಮ ಯೂತ್ ಟೀಮಿಂದ ಗೋಲು ಹೊಡೆದವರಲ್ಲಿ ನನ್ನ ಲೆಕ್ಕದಲ್ಲಿ ನೀವೇ ಚಿಕ್ಕೋರು. ಹದಿನೈದು ವರ್ಷ ನಾಲ್ಕು ತಿಂಗಳು. ನಿಮ್ಮನ್ನ ಹುಡುಕೋಕೇ ನನಗೆ ಎರಡು ವರ್ಷ ಆಯ್ತು.' ಆ ಹುಡುಗನ ದನಿಯಲ್ಲಿ ಭಕ್ತಿ ಇತ್ತು. ಚಂದು ಆ ಭಕ್ತಿಯನ್ನು ಐದು ನಿಮಿಷ ಕಿವಿಯಲ್ಲಿಟ್ಟುಕೊಂಡು ಕೂತ. ಫೋನಿಟ್ಟ ಮೇಲೆ, ಇಷ್ಟು ವರ್ಷದ ನಂತರವೂ ತಮ್ಮನ ಹೆಸರಿಗೆ ಓಗೊಟ್ಟೆನಲ್ಲ ಎಂದು ಅಸಹ್ಯವಾಯಿತು. ಬರಲಿ, ಎಲ್ಲ ಹೇಳಿಬಿಡುತ್ತೇನೆ ಎಂದು ಆಗಲೇ ನಿರ್ಧಾರ ಮಾಡಿದ. ಹೆಂಡತಿ ರತ್ನಾವತಿಗೂ ಹೇಳಿದ. 'ಈಗ ಹೇಳಿ ಎಂತ ಮಾಡೂದ್? ಯಾರ್ ಕೇಂತ್ರ್ ನಿಮ್ಮತ್ರ?' ಅಂದಳು ಅವಳು, ಕೊತ್ತಂಬರಿ ಬಿಡಿಸುತ್ತ.

ಚಂದು ಕುಂದಾಪುರದ ಕಡೆಯಿಂದ ಮಾವನ ಹೋಟೆಲಿಗೆ ಬಂದಾಗ ಹನ್ನೆರಡು ವರ್ಷ. ಲೇಬರ್ ಇನ್‌ಸ್ಪೆಕ್ಟರ್ ಬಂದ ದಿನ ಮಾವ ಸಾಲಾಗಿ ನಿಲ್ಲಿಸಿ ಹೇಳಿಕೊಟ್ಟಿದ್ದರು: ವಯಸ್ಸು ಕೇಳಿದರೆ ಹದಿನೆಂಟು ಅನ್ನಬೇಕು, ಬೆನ್ನು ನೆಟ್ಟಗೆ ಮಾಡಬೇಕು. ಹದಿಮೂರರಲ್ಲೂ ಹದಿನೆಂಟು, ಹದಿನಾಲ್ಕರಲ್ಲೂ ಹದಿನೆಂಟು. ಕೊನೆಗೆ ನಿಜವಾಗಿ ಹದಿನೆಂಟು ತುಂಬಿದ ವರ್ಷ ಸಾಯಿ ಮಾಸ್ಟರ್ ಎಂಬ ಕೋಚು ಅವನನ್ನು ಹದಿನೈದಕ್ಕೆ ಇಳಿಸಿದರು. ತನ್ನ ನಿಜವಾದ ವಯಸ್ಸನ್ನು ಬಾಯಿಬಿಟ್ಟು ಹೇಳಿದ ವರ್ಷವೇ ಇಲ್ಲ ಎಂದು ಚಂದುವಿಗೆ ಒಮ್ಮೊಮ್ಮೆ ಅನಿಸುತ್ತದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ಮೊದಲು ಸಿಗುವ ಎರಡು ಗಂಟೆಯಲ್ಲಿ ಅಣ್ಣತಮ್ಮಂದಿರು ಮೆರೀನಾದ ಮರಳಿಗೆ ಓಡುತ್ತಿದ್ದರು. ಅಣ್ಣನ ಹಿಂದೆ ಊರಿಂದ ಬಂದ ರಘುರಾಮ ಅವನಿಗಿಂತ ಮೂರು ವರ್ಷ ಚಿಕ್ಕವನು, ಕಾರ್ಪೊರೇಷನ್ ಶಾಲೆಗೂ ಹೋಗುತ್ತಿದ್ದ. ಬಿಸಿ ಮರಳಲ್ಲಿ ಬರಿಗಾಲಲ್ಲಿ ಆಡಿ ಆಡಿ ಇಬ್ಬರ ಕಾಲೂ ಗಟ್ಟಿಯಾಗಿತ್ತು. ಆಯ್ಕೆಗೆ ಹೋಗಿ ಗೆದ್ದು ಬಂದವನು ರಘುರಾಮ. ಇದು ಮಾತ್ರ ಯಾರೂ ಮರೆಯಬಾರದು. ಜಿಲ್ಲೆಯ ಆಯ್ಕೆ, ರಾಜ್ಯದ ಆಯ್ಕೆ, ಕೊನೆಗೆ ರಾಷ್ಟ್ರೀಯ ಶಿಬಿರಕ್ಕೆ ಕರೆ, ಮೂರೂ ಅವನ ಕಾಲಿಗೆ ಬಂದದ್ದು, ಅವನ ಸರಿಯಾದ ಜನ್ಮ ತಾರೀಖಿಗೆ ಬಂದದ್ದು. ವಯಸ್ಸಿನ ಪರೀಕ್ಷೆಗೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತಿದ್ದರು. ಅಲ್ಲಿ ತಟ್ಟೆಯ ಮೇಲೆ ಕೈಯಿಟ್ಟವನೂ ರಘುರಾಮನೇ. ಎಲುಬಿನ ತುದಿ ಇನ್ನೂ ಕೂಡಿಲ್ಲ, ಹುಡುಗ ಪಾಸು ಎಂದು ಡಾಕ್ಟರು ಬರೆದುಕೊಟ್ಟರು.

ಆ ಸಂಜೆ ಸಾಯಿ ಮಾಸ್ಟರ್ ಹೋಟೆಲಿಗೇ ಬಂದು ಮಾವನ ಜೊತೆ ಕಾಫಿ ಕುಡಿದರು. ಸಣ್ಣವನ ಪೇಪರ್ ಚೆನ್ನಾಗಿದೆ, ದೊಡ್ಡವನ ಕಾಲು ಚೆನ್ನಾಗಿದೆ. ಹೊರದೇಶದವರ ಎದುರು ಸಣ್ಣವನು ನಿಲ್ಲಲಾರ ಎಂದರು. 'ರೆಂಡುಂ ಸೇಂದಾ ಒರು ಪ್ಲೇಯರ್‌ಪಾ' ಎಂದು ನಕ್ಕರು, ಎರಡೂ ಸೇರಿದರೆ ಒಬ್ಬ ಆಟಗಾರ. ಮಾವನಿಗೆ ಯಾರು ಹೋದರೂ ಒಂದೇ. ಒಬ್ಬ ಈರುಳ್ಳಿ ಹೆಚ್ಚಲು ಉಳಿದರೆ ಸಾಕಿತ್ತು. ರಘುರಾಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು 'ಅಣ್ಣ ಹೋಗಲಿ' ಅನ್ನುತ್ತಿದ್ದ ಎಂದು ಚಂದು ಎಷ್ಟೋ ವರ್ಷ ತನಗೆ ತಾನು ಸಮಾಧಾನ ಹೇಳಿಕೊಂಡದ್ದಿದೆ. ಪಾಸ್‌ಪೋರ್ಟಿಗೆ ಹೆಸರು ರಘುರಾಮನದು, ಮುಖ ಚಂದುವಿನದು. ಮೈಮೇಲೆ ಇನ್ನೊಬ್ಬನ ಬನಿಯನ್ನು ಹಾಕಿಕೊಂಡಂತೆ ಆ ಹೆಸರು ಹಾಕಿಕೊಂಡು ಅವನು ಶಿಬಿರಕ್ಕೆ ಹೋದ. ಅಲ್ಲಿ ಯಾರಾದರೂ 'ರಘು' ಎಂದು ಕೂಗಿದರೆ ತಿರುಗಲು ಒಂದು ಕ್ಷಣ ತಡವಾಗುತ್ತಿತ್ತು. ಆದರೆ ಅಲ್ಲಿ ಎಲ್ಲರೂ ಹಾಗೆಯೇ ತಡವಾಗಿ ತಿರುಗುವವರೇ ಇದ್ದರು.

ವಾಸನೆಯೆಂದರೆ ಆ ಕ್ರೀಮಿನದು. ಮೊದಲ ಪಂದ್ಯದ ಹಿಂದಿನ ದಿನ ಮ್ಯಾನೇಜರು ಒಂದು ಚೀಲ ತುಂಬ ಕೂದಲು ತೆಗೆಯುವ ಕ್ರೀಮು ತಂದು ಹಂಚಿದ. ಟೂರ್ನಿ ನಡೆದ ಕೊಲ್ಲಿ ದೇಶದ ಊರಿನ ಹೋಟೆಲು ಕೋಣೆಯಲ್ಲಿ ನಾಲ್ಕು ಮಂದಿ ಗಂಡಸರು ಚಡ್ಡಿಯಲ್ಲಿ ಕೂತು ಕೈಗೆ, ಕಾಲಿಗೆ, ಎದೆಗೆ ಬಿಳಿ ಕ್ರೀಮು ಬಳಿದುಕೊಂಡು ಹತ್ತು ನಿಮಿಷ ಕಾದರು. ಕೊಳೆತ ಮೊಟ್ಟೆಗೆ ಅಗ್ಗದ ಗುಲಾಬಿ ಸೆಂಟು ಸುರಿದ ಹಾಗಿತ್ತು ಆ ನಾತ. ಕೆರೆದು ತೆಗೆದಾಗ ಕೂದಲು ಮುದ್ದೆಮುದ್ದೆಯಾಗಿ ಬಚ್ಚಲಿನ ಬಾಯಿಗೆ ಕಟ್ಟಿಕೊಂಡಿತು. ಪಂಜಾಬಿನವನೊಬ್ಬ, ಊರಿನಲ್ಲಿ ಮದುವೆ ಗೊತ್ತಾಗಿದ್ದವನು, ಬೆರಳು ಹಾಕಿ ಅದನ್ನು ಎತ್ತಿ ಎತ್ತಿ ಹೊರಗೆ ಹಾಕಿದ. ದಿನಕ್ಕೆ ಎರಡು ಸಲ ಗಡ್ಡ ಕೆರೆಯಬೇಕು, ದಪ್ಪ ದನಿಯಲ್ಲಿ ಮಾತಾಡಬಾರದು. ಇಷ್ಟೆಲ್ಲ ಮಾಡಿ ಆಡಿದ್ದೇನು? ಮೊದಲ ಪಂದ್ಯ ಸೊನ್ನೆ–ಆರು. ಎರಡನೆಯದು ಸೊನ್ನೆ–ನಾಲ್ಕು. ಎದುರಿಗೆ ನಿಜವಾಗಿಯೇ ಹದಿನೈದರ ಮಕ್ಕಳು, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು, ಇವರ ಭುಜಕ್ಕೂ ಬಾರದವರು. ಚೆಂಡನ್ನು ಇವರ ಕಾಲಿನ ಸುತ್ತ ಪುಸಕ್ಕನೆ ದಾಟಿಸಿಕೊಂಡು ಹೋಗುತ್ತಿದ್ದರು. ಮೋಸ ಮಾಡಿ ಗೆದ್ದಿದ್ದರೆ ಪಾಪವಾದರೂ ಪೂರ್ತಿಯಾಗುತ್ತಿತ್ತು. ಮೋಸ ಮಾಡಿ ಮಕ್ಕಳ ಕೈಲಿ ಹೊಡೆತ ತಿಂದು ಬಂದರು. ಕ್ರೀಮಿಗೆ ಉರಿ ಎದ್ದ ತೊಡೆಯ ಮೇಲೆ ಬೆವರು ಇಳಿಯುವಾಗ ಚಂದುವಿಗೆ ಮೈದಾನದಲ್ಲೇ ವಾಂತಿ ಬಂದಿತ್ತು. ಮೂರನೆಯ ಪಂದ್ಯ ಒಂದು–ಒಂದು. ಆ ಒಂದು ಅವನದು. ತಂಡದವರೆಲ್ಲ ಬಂದು ಮೇಲೆ ಬಿದ್ದು ಕಿವಿಯಲ್ಲಿ 'ರಘು, ರಘು' ಎಂದು ಕಿರುಚಿದರು.

ಮುಂದೆ ಏನೂ ಆಗಲಿಲ್ಲ. ಅವನು ವಾಪಸು ಬಂದ, ಮೊಣಕಾಲು ಕೆಟ್ಟಿತು, ಮಾವ ತೀರಿಕೊಂಡರು, ಹೋಟೆಲು ಇವರಿಗೆ ಬಂತು. ರಘುರಾಮ ಮಾತ್ರ ಮತ್ತೆ ಆಯ್ಕೆಗೆ ಹೋಗುವ ಹಾಗಿರಲಿಲ್ಲ, ಯಾಕೆಂದರೆ ರಘುರಾಮ ಎಂಬ ಹೆಸರಿಗೆ ಆಗಲೇ ಒಂದು ಮುಖ ಅಂಟಿಹೋಗಿತ್ತು. ಆಮೇಲೆ ದುಬೈಯ ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ ಸಿಕ್ಕಿತು, ಪಾಸ್‌ಪೋರ್ಟು ಮಾಡಿಸಲಾಗಲಿಲ್ಲ. ಅವನ ಹೆಸರಲ್ಲಿ ಆಗಲೇ ಒಂದು ಇತ್ತಲ್ಲ, ಅಣ್ಣನ ಮುಖ ಹೊತ್ತುಕೊಂಡು. ವಿಚಾರಣೆಗೆ ಪೊಲೀಸರು ಬಂದರೆ ಇಬ್ಬರೂ ಒಳಗೆ ಎಂದು ಹೆದರಿ ಅರ್ಜಿಯನ್ನೇ ಹಾಕಲಿಲ್ಲ. 'ಹೋಯ್ಲಿ ಬಿಡ್ ಅಣ್ಣ, ಅಲ್ಲಿ ಸೆಕೆ ಅಂಬ್ರ್' ಅಂದಿದ್ದ. ಚೆನ್ನೈಯಲ್ಲಿ ದೋಸೆ ಕಾವಲಿಯ ಮುಂದೆ ನಿಂತವನು ದುಬೈಯ ಸೆಕೆಯ ಮಾತಾಡಿದ್ದ. ಆ ಮಾತನ್ನು ನೆನೆದಾಗಲೆಲ್ಲ ಚಂದುವಿಗೆ ತಮ್ಮನ ಒಳ್ಳೆಯತನದ ಮೇಲೇ ಸಿಟ್ಟು ಬರುತ್ತಿತ್ತು. ಬೈದಿದ್ದರೆ, ಒಮ್ಮೆ ಅಂಗಿ ಹಿಡಿದು ಕೇಳಿದ್ದರೆ, ಇಷ್ಟು ಹೊತ್ತಿಗೆ ಮುಗಿದುಹೋಗುತ್ತಿತ್ತು. ಇವತ್ತು ಬೆಳಿಗ್ಗೆ 'ಆ ಫುಟ್‌ಬಾಲ್ ವಿಷಯ ಕೇಂಬುಕೆ ಒಬ್ಬ ಬತ್ತ' ಎಂದು ಹೇಳಿದಾಗಲೂ ರಘುರಾಮ ದೋಸೆ ಮಗುಚುತ್ತ 'ಹೌದಾ' ಎಂದಿದ್ದ, ಅಷ್ಟೇ. ಆದರೆ ವಾರಕ್ಕೊಮ್ಮೆ ಶುಕ್ರವಾರ ಮಾತ್ರ ಗಡ್ಡ ತೆಗೆಯುವವನು ಇವತ್ತು, ಬುಧವಾರ, ನುಣ್ಣಗೆ ಬೋಳಿಸಿಕೊಂಡಿದ್ದ. ಅದನ್ನು ಚಂದು ನೋಡಿದ್ದ, ಆದರೆ ಅದರ ಬಗ್ಗೆ ಯೋಚಿಸಿರಲಿಲ್ಲ.

ವರುಣ್ ಬಂದ. ಬೆನ್ನಿಗೆ ಚೀಲ, ಕನ್ನಡಕ, ತೆಳ್ಳಗಿನ ಮೈ. ಜೀವನದಲ್ಲಿ ಒಂದು ಚೆಂಡಿಗೂ ಕಾಲು ತಾಗಿಸಿದವನಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಗಲ್ಲಾದ ಎದುರು ನಿಂತು, 'ನಮಸ್ಕಾರ ಸರ್, ವರುಣ್ ಅಂತ. ರಘುರಾಮ ಸರ್...' ಎಂದ. ಚಂದು ವಾರವಿಡೀ ಬಾಯಿಪಾಠ ಮಾಡಿದ ಮಾತು ನಾಲಗೆಯ ತುದಿಯಲ್ಲಿತ್ತು. 'ಕೂತ್ಕೊಳ್ಳಿ, ಒಂದು ವಿಷಯ ಉಂಟು' ಎಂದು ಶುರುಮಾಡಬೇಕು. ಹುಡುಗ ಬೆರಗಾಗಿ ನೋಡಬೇಕು. 'ಹೆಸರು ತಮ್ಮನದು, ಆಡಿದ್ದು ನಾನು, ತಪ್ಪು ಮಾಡಿದೆ' ಎನ್ನಬೇಕು. ಆಗ ಹುಡುಗ, ಅಯ್ಯೋ ಸರ್, ನೀವಾ ಅದು, ಎನ್ನಬೇಕು. ಅಷ್ಟರಲ್ಲಿ ಅಡುಗೆಮನೆಯ ಪರದೆ ಸರಿಯಿತು. ರಘುರಾಮ ಪಂಚೆಯ ಅಂಚಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಬೊಜ್ಜು ಬಂದ ಮೈ, ಬಿಳಿ ಅಂಗಿ.

'ನಾನೇ ರಘುರಾಮ. ಇಂವ ನಮ್ಮಣ್ಣ' ಅಂದ. 'ಬನ್ನಿ, ಕೂಕಣಿ. ಕಾಫಿ ಕುಡಿತ್ರ್ಯಾ?'

ವರುಣ್ ಅವನ ಕಡೆ ತಿರುಗಿ ಅವನ ಎರಡೂ ಕೈ ಹಿಡಿದ. ಆ ಎಡಗೈ ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಕಲೆಗಳಿದ್ದವು. ಇಬ್ಬರೂ ಗಲ್ಲಾದ ಪಕ್ಕದ ಮೇಜಿಗೇ ಕೂತರು, ಲ್ಯಾಪ್‌ಟಾಪು ತೆರೆಯಿತು. ಈಗ ಹೇಳುತ್ತಾನೆ ಎಂದು ಚಂದು ಕಾದ. 'ಆಡಿದ್ ನಾನಲ್ಲ, ನಮ್ಮಣ್ಣ' ಎಂದು ಹೇಳಿ ತನ್ನ ಕಡೆ ಕೈ ತೋರಿಸುತ್ತಾನೆ, ಅವನೇ ಹೇಳಿದರೆ ಇನ್ನೂ ಒಳ್ಳೆಯದು. ರಘುರಾಮ ಕಾಫಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

'ಮೊದ್ಲ್ ಎರಡ್ ಮ್ಯಾಚ್ ಸೋತಿತ್. ಆರ್ ಗೋಲ್, ನಾಕ್ ಗೋಲ್. ಯಾರಿಗೂ ಊಟ ಸೇರ್ತಿರ್ಲಿಲ್ಲೆ' ಎಂದು ಶುರುಮಾಡಿದ. 'ಮೂರನೇದ್ರಗೆ, ಕಾಣಿ, ಅವ್ರದ್ ಕಾರ್ನರ್. ನಮ್ಮ ಗೋಲ್‌ಕೀಪರ್ ಹಿಡ್ದ್ ಉದ್ದ ಎಸ್ದ. ಗಾಳಿ ಇತ್ತ್. ಚೆಂಡ್ ಗಾಳಿಗೆ ತೇಲಿ ನನ್ನ ಮುಂದೇ ಬಿತ್ತ್.'

ನನ್ನ ಮುಂದೇ. ಚಂದು ಬೆರಳಲ್ಲಿದ್ದ ನಾಣ್ಯವನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದ. ತಮ್ಮ ಹೇಳುತ್ತ ಹೋದ. ಒಬ್ಬನನ್ನು ದಾಟಿದ್ದು, ಎರಡನೆಯವನು ಜಾರಿ ಬಿದ್ದದ್ದು, ಬಿಸಿಲು ಕಣ್ಣಿಗೆ ಹೊಡೆದದ್ದು. ಎಲ್ಲ ಸರಿಯಾಗಿತ್ತು, ಚಂದುವಿಗಿಂತ ಚೆನ್ನಾಗಿ ನೆನಪಿತ್ತು ಅವನಿಗೆ. ಊರಿಂದ ಬಂದ ಹುಡುಗರು ಹೋಟೆಲಿನ ಮೇಲಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಾಗ ಚಂದು ಈ ಗೋಲನ್ನು ಅದೆಷ್ಟು ಸಲ ಹೇಳಿದ್ದನೋ. ಮೊದಮೊದಲು ನಡೆದದ್ದನ್ನು ನಡೆದ ಹಾಗೆ ಹೇಳಿದ, ಆಮೇಲೆ ಬೇಸರ ಬಂದು ಒಂದೊಂದೇ ಸೇರಿಸಿದ. ಪಂದ್ಯ ಮುಗಿದ ಮೇಲೆ ಎದುರಾಳಿ ಗೋಲ್‌ಕೀಪರು ಬಂದು ತನ್ನ ಕೈಗವಸು ಬಿಚ್ಚಿ ಕಾಣಿಕೆ ಕೊಟ್ಟ ಎಂಬುದು ಚಂದು ಕಟ್ಟಿದ ಸುಳ್ಳು. ಈಗ ರಘುರಾಮ ಅದನ್ನೂ ಹೇಳಿದ. 'ಗ್ಲವ್ಸ್ ಕೊಟ್ಟ. ನಂಗೆ ದೊಡ್ಡದಾಯ್ತ್' ಎಂದು ನಕ್ಕ. ವರುಣ್ ಅದನ್ನೂ ಬರೆದುಕೊಂಡ. ಚಂದುವಿನ ಸುಳ್ಳು ರಘುರಾಮನ ಬಾಯಿಂದ ಹೊರಟು ದೇಶದ ಚರಿತ್ರೆಗೆ ಸೇರುವುದನ್ನು ಅವನು ಕೂತಲ್ಲೇ ನೋಡಿದ.

'ಟೀಮ್ ಫೋಟೋ ಎಲ್ಲೂ ಸಿಕ್ಕಿಲ್ಲ ಸರ್. ನಿಮ್ಮ ಹತ್ರ ಏನಾದ್ರೂ?' ಎಂದು ವರುಣ್ ಕೇಳಿದ.

'ಇಲ್ಲೆ. ಆ ನೆರೆ ಬಂದ ವರ್ಷ ಎಲ್ಲ ಒದ್ದೆಯಾಯ್ ಹೋಯ್ತ್' ಎಂದ ರಘುರಾಮ.

ಫೋಟೋ ಗಲ್ಲಾದ ಕೆಳಗಿನ ಖಾನೆಯಲ್ಲಿತ್ತು. ಇವತ್ತು ತೋರಿಸಲೆಂದೇ ಚಂದು ಮನೆಯಿಂದ ತಂದಿದ್ದ. ಖಾನೆ ಎಳೆದರೆ ಮುಗಿಯಿತು. ಹಿಂದಿನ ಸಾಲು, ಎಡದಿಂದ ಮೂರನೆಯವನು ತಾನು, ಯಾವ ಕುರುಡನಿಗೂ ಗೊತ್ತಾಗುತ್ತದೆ. ಅವನ ಕೈ ಖಾನೆಯ ಹಿಡಿಯವರೆಗೆ ಹೋಯಿತು. ಕಳ್ಳ, ಎಂದು ಬಾಯಿಗೆ ಬಂತು. ನನ್ನ ಕಾಲು, ನನ್ನ ಗಾಳಿ, ನನ್ನ ಬಿಸಿಲು, ಎಲ್ಲವನ್ನೂ ಎದುರಿಗೇ ಎತ್ತಿಕೊಂಡು ಹೋಗುತ್ತಿದ್ದಾನೆ ಈ ಕಳ್ಳ. ಆ ಮಾತು ಬಾಯಿಗೆ ಬಂದ ಮೇಲೆ ಚಂದು ಅದನ್ನು ನುಂಗಬೇಕಾಯಿತು. ನುಂಗುವಾಗ ಅದರ ರುಚಿ ತಿಳಿಯಿತು. ಇಪ್ಪತ್ತನಾಲ್ಕು ವರ್ಷ ತಾನು ಪಶ್ಚಾತ್ತಾಪ ಎಂದುಕೊಂಡು ಸಾಕಿದ್ದು ಇದನ್ನೇ ಏನು? ತಪ್ಪು ಒಪ್ಪಿಕೊಳ್ಳುವ ನೆಪದಲ್ಲಿ ಗೋಲನ್ನು ವಾಪಸು ಕೇಳಲು ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ ತಾನು. ತಮ್ಮನ ಹೆಸರು ಕದ್ದದ್ದು ಅವನಿಗೆ ಇಷ್ಟು ವರ್ಷ ನೋಯಲೇ ಇಲ್ಲ. ಆ ಹೆಸರಿನಡಿ ತನ್ನ ಗೋಲು ಹೂತುಹೋದದ್ದು ನೋಯುತ್ತಿತ್ತು. ಥೂ, ಎಂದುಕೊಂಡ. ತನ್ನ ಮೇಲೆ ಅವನಿಗೆ ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ. ಆದರೂ ಕೈ ಖಾನೆಯ ಹಿಡಿಯನ್ನು ಬಿಡಲಿಲ್ಲ.

'ಲಾಸ್ಟ್ ಶಾಟ್ ಯಾವ ಕಾಲು ಸರ್? ರಿಪೋರ್ಟಲ್ಲಿ ಇಲ್ಲ.'

ರಘುರಾಮ ಒಂದು ಕ್ಷಣ ತಡೆದ. 'ಬಲಗಾಲ್' ಎಂದ.

'ಎಡಗಾಲು!' ಚಂದುವಿನ ದನಿ ಹೋಟೆಲಿನ ತುದಿಯವರೆಗೂ ಕೇಳಿತು. ಮೂಲೆಯ ಮೇಜಿನಲ್ಲಿ ಪೊಂಗಲ್ ತಿನ್ನುತ್ತಿದ್ದ ಮುದುಕರು ತಲೆಯೆತ್ತಿದರು. 'ಎಡಗಾಲು. ಬಲಗಾಲಿಗೆ ಜಾಗ ಇರ್ಲಿಲ್ಲೆ ಅಲ್ಲಿ.'

ವರುಣ್ ನಗುತ್ತ ತಿರುಗಿದ. 'ಅಣ್ಣನಿಗೆ ನಿಮಗಿಂತ ಚೆನ್ನಾಗಿ ನೆನಪಿದೆ ಸರ್! ನೀವೂ ಅಲ್ಲಿಗೆ ಹೋಗಿದ್ರಾ?' ಎಂದು ಚಂದುವನ್ನು ಕೇಳಿದ.

ಚಂದು ಉತ್ತರ ಕೊಡುವ ಮೊದಲೇ ರಘುರಾಮ ಮಾತಾಡಿದ. ದನಿಯಲ್ಲಿ ಕೋಪವಿರಲಿಲ್ಲ, ಗಿರಾಕಿಗೆ ಇಡ್ಲಿ ಮುಗಿದಿದೆ ಎಂದು ಹೇಳುವ ಹಾಗೆಯೇ ಇತ್ತು. 'ಇಲ್ಲೆ, ಅಂವ ಎಲ್ಲೂ ಹೋಯ್ಲಿಲ್ಲೆ. ನಾನ್ ಹೇಳಿದ್ ಕೇಂಡ್ ಕೇಂಡ್ ಬಾಯಿಪಾಠ ಆಯಿತ್ ಅವ್ನಿಗೆ. ಅಂವ ಆವತ್ತ್ ಇಲ್ಲೇ ಇದ್ದದ್, ಇದೇ ಅಡುಗೆಮನೆಯಂಗೆ.' ಹಾಗೆ ಹೇಳಿ ಅಣ್ಣನ ಮುಖ ನೋಡಿದ. ಬೋಳಿಸಿದ ಕೆನ್ನೆ, ಶಾಂತವಾದ ಕಣ್ಣು. ಬೇಕಾದರೆ ಇಲ್ಲ ಎನ್ನು ಎನ್ನುವ ಹಾಗೆ ಅವನು ಕಾದ. ಚಂದುವಿನ ಕೈ ಖಾನೆಯಿಂದ ತಾನಾಗಿ ಜಾರಿ ತೊಡೆಯ ಮೇಲೆ ಬಿತ್ತು.

'ಹೌದು,' ಎಂದ ಚಂದು. 'ನಾನು ಇಲ್ಲಿದ್ದೆ.'

'ಸೂಪರ್ ಸರ್' ಎಂದು ವರುಣ್ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು. 'ಆಡಿದವರ ಮಾತು ಹೇಗೂ ಇರುತ್ತೆ. ಮನೇಲಿ ಉಳಿದವರದು ಯಾರೂ ಬರೆಯಲ್ಲ. ಆವತ್ತು ಬುಧವಾರ, ಇಲ್ಲಿ ಸಂಜೆ ಆರೂವರೆ ಆಗಿತ್ತು. ತಮ್ಮ ಅಲ್ಲಿ ಗೋಲು ಹೊಡೀತಿರೋವಾಗ ನೀವಿಲ್ಲಿ ಏನು ಮಾಡ್ತಾ ಇದ್ರಿ? ನಿಮಗೆ ವಿಷಯ ಯಾರು ಹೇಳಿದ್ರು? ಏನನ್ನಿಸ್ತು?'

ಚಂದು ಬಾಯಿ ತೆರೆದ. ಆ ದಿನ ಕ್ರೀಡಾಂಗಣದ ಹೊರಗಿನ ಬೂತಿನಿಂದ ತಾನು ಹೋಟೆಲಿಗೆ ಫೋನು ಮಾಡಿದ್ದು ನೆನಪಿತ್ತು. ಮಾವ ಎತ್ತಿಕೊಂಡಿದ್ದರು, ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು, ಗೋಲು ಹೊಡೆದೆ ಮಾವ ಎಂದು ಮೂರು ಸಲ ಕೂಗಿ ಹೇಳಿ ಇಟ್ಟಿದ್ದ. ಆ ಪಾತ್ರೆಗಳ ಸದ್ದಿನಲ್ಲಿ ಯಾರಿದ್ದರು, ತಮ್ಮ ಎದ್ದು ಬಂದನೋ, ಮಾವ ಅವನಿಗೆ ಹೇಳಿದರೋ ಇಲ್ಲವೋ, ಹೇಳಿದಾಗ ಅವನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟನೋ, ಅತ್ತನೋ, ಗೊತ್ತಿರಲಿಲ್ಲ. ವರುಣನ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು. ರಘುರಾಮ ಖಾಲಿ ಲೋಟವನ್ನು ಬದಿಗೆ ಸರಿಸಿ, ಮೊಣಕೈ ಮೇಜಿಗೂರಿ ಮುಂದಕ್ಕೆ ಬಾಗಿದ.

'ಹೇಳ್ ಅಣ್ಣ' ಎಂದ. 'ಅವ್ರ್ ಬರ್ಕಂತ್ರ್.'

ಆ ಸಂಜೆ ನೀನಿಲ್ಲಿ ಏನು ಮಾಡುತ್ತಿದ್ದೆ ಎಂದು ಇಪ್ಪತ್ತನಾಲ್ಕು ವರ್ಷದಲ್ಲಿ ಚಂದು ತಮ್ಮನನ್ನು ಒಂದು ಸಲವೂ ಕೇಳಿರಲಿಲ್ಲ.